ಯಾವೂರು ಕೇಳುವ ನರ್ಸು ಲಂಕೆಗೆ ಹೋದದ್ದು

ಜೇವರ್ಗಿ

ನಾನು ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಇಪ್ಪತ್ತೆಂಟು ವರ್ಷ ಸರಕಾರಿ ದವಾಖಾನೆಯಲ್ಲಿ ನರ್ಸಾಗಿ ದುಡಿದವಳು ನಂಬುವುದಾದರೂ ಹೇಗೆ? ಗುಳಿಗೆ ನುಂಗಿದೆ ಎನ್ನುವವನ ದಿಂಬಿನ ಕೆಳಗೆ ಗುಳಿಗೆ ಸಿಗುತ್ತದೆ. ಮುಂಜಾನೆಯಿಂದ ಏನೂ ತಿಂದಿಲ್ಲ ಎನ್ನುವ ಸಕ್ಕರೆ ಕಾಯಿಲೆಯವಳ ಸೆರಗಿನಲ್ಲಿ ಪೇಢೆಯ ಚೂರು ಅಂಟಿರುತ್ತದೆ. ನಾನು ಹುಟ್ಟಿದ್ದು ಆಳಂದ ತಾಲೂಕಿನ ಮಟಕಿ, ಕೊಟ್ಟಿದ್ದು ಅಫಜಲಪುರಕ್ಕೆ, ನೌಕರಿ ಜೇವರ್ಗಿಯಲ್ಲಿ. ಮೂರೂ ಕಡೆಯ ಸುಳ್ಳು ಕೇಳಿ ಕೇಳಿ ನನ್ನ ಕಿವಿ ಪಳಗಿವೆ.

ನಾವೂ ಸುಳ್ಳು ಹೇಳುತ್ತೇವೆ, ಅದು ಬೇರೆ ಮಾತು. ಸೂಜಿ ಮಾಡುವಾಗ ಎಡಗೈಯಿಂದ ರಟ್ಟೆ ಹಿಡಿದು, ಬಲಗೈ ಬೆನ್ನ ಹಿಂದೆ ಇಟ್ಟುಕೊಂಡು, "ಯಾವೂರಬೇ ನಿಂದು?" ಎಂದು ಕೇಳುತ್ತೇನೆ. ಆಕೆ "ನೆಲೋಗಿ ರೀ, ಅಕ್ಕಾರ" ಎನ್ನುವಷ್ಟರಲ್ಲಿ ಸೂಜಿ ಒಳಗೆ ಹೋಗಿ ಹೊರಗೆ ಬಂದಿರುತ್ತದೆ. ನನ್ನ ಹೆಸರು ಮಹಾದೇವಿ ಎಂದು ಗೊತ್ತಿಲ್ಲದವರೂ 'ಯಾವೂರ ಸಿಸ್ಟರ್' ಎಂದರೆ ಬಜಾರದಲ್ಲಿ ಗುರುತು ಹಿಡಿಯುತ್ತಾರೆ. ಇದನ್ನು ನಾನು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದೆ.

ಇಂಥವಳು ಶ್ರೀಲಂಕಾಕ್ಕೆ ಹೋದದ್ದು ತಂಗಿಯ ಕಾವಲಿಗೆ. ಕಸ್ತೂರಿ ನನಗಿಂತ ಆರು ವರ್ಷ ಚಿಕ್ಕವಳು, ಮಟಕಿಯಲ್ಲಿ ಅಂಗನವಾಡಿ ಟೀಚರು. ಅವಳ ಎಡ ಎದೆಯಲ್ಲಿ ಗಂಟು ಕಂಡಿತು. ನಾನೇ ಪುಸಲಾಯಿಸಿ ಕಲಬುರಗಿಗೆ ಕರೆದೊಯ್ದು ತಪಾಸಣೆ ಮಾಡಿಸಿದೆ. ಕ್ಯಾನ್ಸರು. ಇನ್ನೂ ಸಣ್ಣದಿದೆ, ಈಗಲೇ ತೆಗೆಸಿದರೆ ಉಳಿಯುತ್ತಾಳೆ, ತಡ ಮಾಡಬೇಡಿ ಎಂದರು ಡಾಕ್ಟರು. ಆಪರೇಷನ್ನಿಗೆ ತಾರೀಖೂ ಕೊಟ್ಟರು. ಕಸ್ತೂರಿ ಒಲ್ಲೆ ಎಂದು ಕುಳಿತುಬಿಟ್ಟಳು.

ಒಂದು ದಿನ ಫೋನು ಹಿಡಿದುಕೊಂಡು ಬಂದಳು. ಅದರಲ್ಲಿ ಬಿಳಿ ಬಟ್ಟೆಯ ಮುದುಕಿಯೊಬ್ಬಳು ಯಾರದೋ ಹಣೆಯ ಮೇಲೆ ಕೈ ಇಟ್ಟು ಕಣ್ಣು ಮುಚ್ಚಿದ್ದಳು.

"ಅಕ್ಕಾ, ಇಲ್ಲಿ ಕೊಯ್ಯಂಗಿಲ್ಲಂತ. ಬರೇ ಕೈ ಇಡ್ತಾರ. ಸಂಕಲ್ಪದಿಂದ ಆರಾಮ ಆಗ್ತದಂತ."

"ಯಾರಂತಾರ?"

"ವಿಡಿಯೋದಾಗ ಅಂತಾರ."

"ವಿಡಿಯೋದಾಗ ನಿಂಬೆಹಣ್ಣಿಂದ ಮೋಟಾರು ನಡಸ್ತಾರ. ಹತ್ತಿ ಕೂಡ್ತಿಯೇನು?"

ಅವಳು ಜಗಳ ಆಡಲಿಲ್ಲ. "ನೀ ಬರ್ತಿಯೋ ಬಿಡ್ತಿಯೋ, ನಾ ಹೋಗಾಕಿ" ಎಂದಳು ಅಷ್ಟೇ. ವಾರದ ಮಟ್ಟಿಗೆ ಹೋಗಿಬಂದು ಆಮೇಲೆ ಆಪರೇಷನ್ ಮಾಡಿಸಿಕೊಳ್ಳುತ್ತೀಯಾ ಎಂದರೆ, "ನೋಡೋಣು" ಎಂದಳು. ನಮ್ಮ ಮನೆಯಲ್ಲಿ ನೋಡೋಣ ಎಂದರೆ ಇಲ್ಲ ಎಂದೇ ಅರ್ಥ.

ಅಫಜಲಪುರ ಕಡೆಯಿಂದ ಒಬ್ಬಾಕೆ ಹೀಗೇ ಯಾವನೋ ಬಾಬಾನ ಪುಡಿಯನ್ನು ಗಂಟಿಗೆ ವರ್ಷಗಟ್ಟಲೆ ಮೆತ್ತಿಕೊಂಡು, ಎದೆಯೆಲ್ಲ ಹುಣ್ಣಾದ ಮೇಲೆ ನಮ್ಮ ವಾರ್ಡಿಗೆ ಬಂದಿದ್ದಳು. ಪಟ್ಟಿ ಕಟ್ಟುವುದು ಬಿಟ್ಟು ನಮ್ಮಿಂದ ಏನೂ ಆಗಲಿಲ್ಲ. ಆ ಮಂಚದ ಮೇಲೆ ನನ್ನ ತಂಗಿ ಮಲಗಿದ ಹಾಗೆ ಕಂಡಿತು. ನಾನೂ ರಜೆ ಹಾಕಿದೆ.

ನನ್ನ ಜೊತೆ ಡ್ಯೂಟಿ ಮಾಡುವ ಖೈರುನ್ನಿಸಾ ಪ್ರತಿ ಸೂಜಿಗೂ ಮೊದಲು ಬಿಸ್ಮಿಲ್ಲಾ ಎನ್ನುವವಳು. ಹೊರಡುವ ದಿನ ನನ್ನ ಕೈ ಹಿಡಿದು ಹೇಳಿದಳು: "ಮಹಾದೇವಿಬಾಯಿ, ನಿಯತ್ತು ನೋಡ್ರಿ. ನಿಯತ್ತು ಸಾಫ್ ಇದ್ರ ಅರ್ಧಾ ಬ್ಯಾನಿ ಅಲ್ಲೇ ಹೋಗ್ತದ."

"ಉಳದ ಅರ್ಧಕ್ಕ ಸರ್ಜನ್ ಬೇಕಲ್ಲವಾ" ಎಂದೆ. ಆ ಮುದುಕಿಯ ನಿಯತ್ತು ಎಂಥದ್ದು ಎಂದು ಬಯಲಿಗೆಳೆಯಲೆಂದೇ ನಾನು ಹೊರಟಿದ್ದು.

ಕೊಲಂಬೊ

ವಿಮಾನ ನಿಲ್ದಾಣದಲ್ಲಿ ಮೊದಲು ಸಂಶಯಕ್ಕೆ ಬಿದ್ದವಳು ನಾನೇ. ನನ್ನ ಚೀಲದಲ್ಲಿ ಖಡಕ್ ರೊಟ್ಟಿಯ ಕಟ್ಟು, ಒಂದು ಡಬ್ಬಿ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ. ತಪಾಸಣೆಯ ಹೆಣ್ಣುಮಗಳು ಡಬ್ಬಿ ತೆರೆದು ಆ ಕೆಂಪು ಪುಡಿಯನ್ನು ನೋಡಿ, ನನ್ನನ್ನು ನೋಡಿ, ಮತ್ತೆ ಪುಡಿಯನ್ನು ನೋಡಿದಳು. "ಔಷಧವೇ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಊಟ ಎಂದೆ. ನಂಬಲಿಲ್ಲ. ನಾನೇ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ತೋರಿಸಿದೆ. ಆಗಲೂ ನಂಬದೆ ಮೂಗಿನ ಹತ್ತಿರ ಹಿಡಿದು ಜೋರಾಗಿ ಉಸಿರೆಳೆದುಕೊಂಡಳು. ಬ್ಯಾಡಗಿ ಮೆಣಸಿನಕಾಯಿಯ ಘಾಟು ಏನು ಮಾಡಬೇಕೋ ಮಾಡಿತು. ಸೀನಿ ಸೀನಿ ಕಣ್ಣು ಒರೆಸಿಕೊಳ್ಳುತ್ತ, ಹೋಗಿ ಎಂದು ಕೈ ಮಾಡಿದಳು.

ಆಕೆಯ ಮೇಲೆ ನನಗೆ ಸಿಟ್ಟು ಬರಲಿಲ್ಲ. ನಾನಿದ್ದರೂ ಹಾಗೇ ಮಾಡುತ್ತಿದ್ದೆ. ಹೊರಗೆ ಬಂದರೆ ಎಳನೀರು ಕೇಸರಿ ಬಣ್ಣದ್ದು. ನಮ್ಮಲ್ಲಿ ಹಸಿರಿರುತ್ತದೆ, ಇದೇಕೆ ಹೀಗಿದೆ, ಬಣ್ಣ ಬಳಿದಿದ್ದಾರೋ ಎಂದು ಉಗುರಿನಿಂದ ಕೆರೆದು ನೋಡಿದೆ. ಮಾರುವವನು ನಕ್ಕ. ಕಸ್ತೂರಿ ನನಗೂ ತನಗೂ ಸಂಬಂಧವೇ ಇಲ್ಲದವಳ ಹಾಗೆ ಆಚೆ ತಿರುಗಿ ಕುಡಿದಳು.

ಕ್ಯಾಂಡಿಯ ಬಸ್ಸು

ಮುದುಕಿಯ ಮನೆ ಇದ್ದದ್ದು ಕ್ಯಾಂಡಿಯ ಆಚೆಗಿನ ಸಣ್ಣ ಊರಿನಲ್ಲಿ. ಬಸ್ಸಿಗೆ ಭಾರೀ ನೂಕುನುಗ್ಗಲು. ಜೇವರ್ಗಿ ಬಸ್‌ಸ್ಟ್ಯಾಂಡಿನಲ್ಲಿ ಬೆಳೆದ ಬುದ್ಧಿ ನನ್ನದು. ಹೆಗಲ ಮೇಲಿನ ಟವೆಲು ತೆಗೆದು, ಕಿಟಕಿಯೊಳಗೆ ತೂರಿ, ಮುಂದಿನ ಖಾಲಿ ಸೀಟು ಹಿಡಿದೆ. ನಮ್ಮಲ್ಲಿ ಒಮ್ಮೆ ಟವೆಲು ಬಿತ್ತೆಂದರೆ ಸೀಟು ನಮ್ಮದು, ಅದಕ್ಕೆ ತಹಶೀಲ್ದಾರರೂ ಎದುರಾಡುವುದಿಲ್ಲ.

ಸೀಟು ಖಾಲಿ ಇರಲಿಲ್ಲ. ಅಷ್ಟರಲ್ಲಿ ಆಚೆ ಬಾಗಿಲಿನಿಂದ ಹತ್ತಿ ಕುಳಿತಿದ್ದ ಬೌದ್ಧ ಸನ್ಯಾಸಿಯ ತೊಡೆಯ ಮೇಲೆ ನನ್ನ ಟವೆಲು, ಅದೂ ಬೆವರು ಒರೆಸಿದ್ದು, ಹೋಗಿ ಬಿದ್ದಿತ್ತು. ಬಸ್ಸಿಗೆ ಬಸ್ಸೇ ಗಪ್‌ಚಿಪ್. ಆ ಸೀಟು ಸನ್ಯಾಸಿಗಳಿಗೇ ಮೀಸಲು, ಹೆಂಗಸರು ಅವರನ್ನು ಮುಟ್ಟುವ ಹಾಗೂ ಇಲ್ಲ ಎಂದು ಪಕ್ಕದವಳೊಬ್ಬಳು ಕೈಸನ್ನೆಯಲ್ಲಿ ತಿಳಿಸಿದಳು. ಸನ್ಯಾಸಿ ಮಾತ್ರ ಟವೆಲನ್ನು ಎರಡೇ ಬೆರಳಲ್ಲಿ ಎತ್ತಿ, ನಾಲ್ಕು ಮಡಿಕೆ ಮಾಡಿ, ಕಿಟಕಿಯ ಅಂಚಿಗೆ ಇಟ್ಟು ಮುಗುಳ್ನಕ್ಕರು.

ಕಸ್ತೂರಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಕಲಬುರಗಿಯ ತಪಾಸಣೆಯ ದಿನದಿಂದ ಈಚೆಗೆ ಅವಳು ನಕ್ಕದ್ದು ಅದೇ ಮೊದಲು. ನನಗೆ ಎಷ್ಟು ಹಿಗ್ಗಾಯಿತೆಂದರೆ ಇನ್ನೊಂದು ಟವೆಲು ಎಸೆಯಲೂ ನಾನು ತಯಾರಿದ್ದೆ. ಆದರೆ ನಾನು ನೋಡುತ್ತಿದ್ದೇನೆ ಎಂದು ಗೊತ್ತಾದ ಕೂಡಲೇ ಅವಳ ಮುಖ ಬಿಗಿಯಿತು. ಅದೇಕೆ ಎಂದು ಆಗ ನನಗೆ ತಿಳಿಯಲಿಲ್ಲ.

ಸೋಮಾ ಮನೆ, ಮೊದಲ ದಿನ

ಮುದುಕಿಯ ಹೆಸರು ಸೋಮಾ. ಎಪ್ಪತ್ತು ದಾಟಿದವಳು. ದೊಡ್ಡ ಆಶ್ರಮ, ಕಾಣಿಕೆ ಪೆಟ್ಟಿಗೆ, ಗೋಡೆಯ ತುಂಬ ಅವಳದೇ ಫೋಟೋ, ಇಷ್ಟನ್ನು ನಾನು ಊಹಿಸಿಕೊಂಡು ಬಂದಿದ್ದೆ. ಇದ್ದದ್ದು ನಾಲ್ಕು ಕೋಣೆಯ ಹೆಂಚಿನ ಮನೆ, ಅಂಗಳದಲ್ಲಿ ಒಣಹಾಕಿದ ಬಿಳಿ ಚಾದರ. ಇದರಿಂದ ನನ್ನ ಸಂಶಯ ಇನ್ನೂ ಹೆಚ್ಚಾಯಿತು. ಇಷ್ಟು ಸಾದಾ ಇದ್ದಾಳೆಂದರೆ ಏನೋ ಇದೆ.

ಅವಳು ಕೋಣೆಗೆ ಬರುವ ರೀತಿಯೇ ವಿಚಿತ್ರ. ಬಾಗಿಲಿನ ಚೌಕಟ್ಟಿಗೆ ಕೈ ಇಟ್ಟು ನಿಲ್ಲುತ್ತಾಳೆ. ಮೂರು ಸಲ ಉಸಿರಾಡುತ್ತಾಳೆ. ಆಮೇಲೆ ಒಳಗೆ ಕಾಲಿಡುತ್ತಾಳೆ. ಚಹಾ ತರುವಾಗಲೂ ಹಾಗೆಯೇ, ಕಸ ಗುಡಿಸಲು ಬಂದಾಗಲೂ ಹಾಗೆಯೇ. ಒಲೆಯ ಮೇಲೆ ಹಾಲು ಇಟ್ಟು ಮರೆತವಳು ನಿಂತ ಹಾಗೆ ಕಾಣುತ್ತಿತ್ತು. ನಮ್ಮ ವಾರ್ಡಿನಲ್ಲಿ ನಾನು ಒಂದೊಂದು ಮಂಚಕ್ಕೂ ಹೀಗೆ ನಿಂತರೆ, ಕೊನೆಯ ಮಂಚ ಮುಟ್ಟುವಷ್ಟರಲ್ಲಿ ಮೊದಲನೆಯವನು ಡಿಸ್ಚಾರ್ಜ್ ಆಗಿ ಊರು ಸೇರಿರುತ್ತಾನೆ.

ಸೋಮಾ ಮತ್ತು ನಾನು ದವಾಖಾನೆಯ ಇಂಗ್ಲಿಷಿನಲ್ಲಿ ಮಾತಾಡಬಲ್ಲೆವು. ಕಸ್ತೂರಿಗೆ ಅದು ಅಷ್ಟಕ್ಕಷ್ಟೆ. ಹಾಗಾಗಿ ನಾನೇ ದುಭಾಷಿ. ಸೋಮಾ ಅವಳ ಎದುರು ಕುಳಿತು ಕೇಳಿದಳು: "ನಿನಗೆ ಏನಾಗಬೇಕು? ಏನು ಬಯಸಿ ಇಷ್ಟು ದೂರ ಬಂದೆ?"

ನಾನು ಕಸ್ತೂರಿಯ ಕಡೆ ತಿರುಗಿ ಹೇಳಿದೆ: "ಊರಿಗೆ ಹೋದ ಕೂಡ್ಲೆ ಆಪರೇಷನ್ ಮಾಡಿಸ್ಕೋತಿಯೋ ಇಲ್ಲೋ ಅಂತ ಕೇಳಾಕತ್ತಾರ."

ಕಸ್ತೂರಿ ನನ್ನನ್ನೇ ದಿಟ್ಟಿಸಿದಳು. "ಅಕ್ಕಾ, ಅವರ ಮಾತಿನಾಗ ಆಪರೇಷನ್ ಅನ್ನೋದು ಬರಲೇ ಇಲ್ಲಲ್ಲ."

ಥೂ ನನ್ನ ಬುದ್ಧಿಗಿಷ್ಟು! ಆಪರೇಷನ್ ಎಂಬುದು ಜೇವರ್ಗಿಯಲ್ಲೂ ಆಪರೇಷನ್ನೇ, ಲಂಕೆಯಲ್ಲೂ ಆಪರೇಷನ್ನೇ ಎಂಬುದು ನನಗೆ ಹೊಳೆದಿರಲಿಲ್ಲ. ಸೋಮಾ ನಮ್ಮಿಬ್ಬರ ಮುಖವನ್ನೂ ನೋಡಿದಳು. ಕಸ್ತೂರಿಯ ಅಂಗಾಲಿಗೆ ಎಣ್ಣೆ ತಿಕ್ಕಿ ಎದ್ದುಹೋದಳು. ಅವಳು ಹೋದ ಮೇಲೆ ನಾನು ಬಟ್ಟಲಿನ ಎಣ್ಣೆಯನ್ನು ಮೂಸಿ, ನಾಲಗೆಗೆ ಹಚ್ಚಿ ನೋಡಿದೆ. ಶುದ್ಧ ಕೊಬ್ಬರಿ ಎಣ್ಣೆ. ಅದೂ ಒಂದು ನಿರಾಸೆಯೇ.

ಮೂರನೆಯ ದಿನ

ಎರಡು ದಿನ ನಾನು ಪೊಲೀಸರ ಹಾಗೆ ಮನೆ ತುಂಬ ಓಡಾಡಿದೆ. ಪುಡಿ ಸಿಗಲಿಲ್ಲ, ತಾಯಿತ ಸಿಗಲಿಲ್ಲ, ಡಾಕ್ಟರರ ಔಷಧ ಬಿಡು ಎಂದು ಅವಳು ಹೇಳಿದ್ದೂ ಕೇಳಿಸಲಿಲ್ಲ. ಆದರೆ ಹೋಗಿ ಆಪರೇಷನ್ ಮಾಡಿಸಿಕೋ ಎಂದೂ ಆಕೆ ಬಾಯಿ ಬಿಡಲಿಲ್ಲ. ಕಸ್ತೂರಿ ದಿನದಿಂದ ದಿನಕ್ಕೆ ಶಾಂತವಾಗುತ್ತಿದ್ದಳು, ನನಗೆ ಅದರದೇ ಭಯ. ನೋವಿಲ್ಲದವರು ಆಪರೇಷನ್ ಟೇಬಲ್ ಹತ್ತುವುದಿಲ್ಲ. ಆರಾಮಾಗಿದ್ದೇನೆ ಎಂದುಕೊಂಡೇ ಸತ್ತವರನ್ನು ಎಷ್ಟು ಜನರನ್ನು ನೋಡಿಲ್ಲ ನಾನು!

ಮೂರನೆಯ ದಿನ ಮುಂಜಾನೆ ಸೋಮಾ ಬಾಗಿಲಲ್ಲಿ ನಿಂತು, ಉಸಿರಾಡಿ, ಒಳಗೆ ಬಂದು ನನಗೆ ಹೇಳಿದಳು: "ಇವತ್ತು ನೀವು ಹೊರಗೆ ಇರಿ."

"ನಾನಿಲ್ಲದೆ ನಿಮ್ಮ ಮಾತು ಅವಳಿಗೆ ತಿಳಿಯುವುದಿಲ್ಲ."

"ನೀವಿದ್ದರೂ ತಿಳಿಯುತ್ತಿಲ್ಲವಲ್ಲ" ಎಂದಳು ತಣ್ಣಗೆ.

"ಹೋಗಕ್ಕಾ" ಎಂದಳು ಕಸ್ತೂರಿ.

ಕದ ಹಾಕಿಕೊಂಡರು. ನಾನು ಕಿವಿ ಹಚ್ಚಿ ನಿಂತೆ. ಮರ್ಯಾದೆಯ ಪ್ರಶ್ನೆ ಬೇಡ, ನಿಮ್ಮ ತಂಗಿಯಾಗಿದ್ದರೆ ನೀವೂ ನಿಲ್ಲುತ್ತಿದ್ದಿರಿ. ಎಷ್ಟೋ ಹೊತ್ತು ಒಳಗೆ ಸದ್ದೇ ಇಲ್ಲ. ಆಮೇಲೆ ಕಸ್ತೂರಿ ಅಳುವುದು ಕೇಳಿಸಿತು. ಬಿಕ್ಕುವುದಲ್ಲ, ಅವ್ವ ಸತ್ತ ದಿನ ಅತ್ತ ಹಾಗೆ ಬಾಯಿ ಬಿಟ್ಟು ಅಳು. ನನ್ನ ತಲೆ ಕೆಟ್ಟಿತು. ಕದವನ್ನು ಭುಜದಿಂದ ದೂಡಿಕೊಂಡು ಒಳಗೆ ನುಗ್ಗಿದೆ.

ಸೋಮಾ ಕುರ್ಚಿಯಲ್ಲಿ ಕುಳಿತಿದ್ದಳು. ಅವಳ ರವಿಕೆಯ ಗುಂಡಿ ಬಿಚ್ಚಿತ್ತು. ಬಲಗಡೆ ಎದೆ ಇರಲಿಲ್ಲ. ಅಲ್ಲಿ ಹಳೆಯ ಹೊಲಿಗೆಯ ಗೆರೆ, ಕಂಕುಳಿನವರೆಗೆ. ಆ ಗೆರೆಯ ಮೇಲೆ ಕಸ್ತೂರಿಯ ಅಂಗೈ ಇತ್ತು. ಸೋಮಾ ಅದರ ಮೇಲೆ ತನ್ನ ಕೈ ಮುಚ್ಚಿಕೊಂಡಿದ್ದಳು. ಇಬ್ಬರೂ ನನ್ನ ಕಡೆ ತಿರುಗಿದರು.

"ಕದಾ ಬಡದು ಬರಬೇಕಕ್ಕಾ" ಎಂದಳು ಕಸ್ತೂರಿ.

ನಾನು ಹಿಂದಕ್ಕೆ ಹೆಜ್ಜೆ ಇಟ್ಟು, ಕದ ಎಳೆದು, ಅಂಗಳಕ್ಕೆ ಬಂದು ಕುಳಿತೆ.

ಅಂಗಳ

ಸ್ವಲ್ಪ ಹೊತ್ತಿಗೆ ಸೋಮಾ ಚಹಾ ತಂದಳು. ಅಲ್ಲಿಯವರು ಚಹಾಕ್ಕೆ ಬೆಲ್ಲ ಬೆರೆಸುವುದಿಲ್ಲ. ಚೂರು ಬೆಲ್ಲವನ್ನು ಅಂಗೈಯಲ್ಲಿ ಇಟ್ಟುಕೊಂಡು, ಒಂದು ಕಡಿ ಬೆಲ್ಲ, ಒಂದು ಗುಟುಕು ಕಪ್ಪು ಚಹಾ. ನಾನು ಸಿಟ್ಟಿನಲ್ಲಿ ಬೆಲ್ಲವನ್ನೆಲ್ಲ ಒಮ್ಮೆಲೇ ಬಾಯಿಗೆ ಹಾಕಿಕೊಂಡೆ. ಉಳಿದ ಚಹಾ ಪೂರ್ತಿ ಕಹಿಯಾಯಿತು.

"ನಿಮ್ಮ ಗಂಟು ಸಂಕಲ್ಪದಿಂದ ಹೋಯಿತೇ?" ಎಂದು ಕೇಳಿದೆ.

"ಇಲ್ಲಮ್ಮ. ಸರ್ಜನ್ ತೆಗೆದರು. ಸಂಕಲ್ಪದ ಮಾತು ವಿಡಿಯೋ ಮಾಡಿದವರದು, ನನ್ನದಲ್ಲ. ನಾನೂ ನಿಮ್ಮ ಹಾಗೆ ವಾರ್ಡಿನ ನರ್ಸು, ಮೂವತ್ತೈದು ವರ್ಷ."

"ಮತ್ತೆ ಬಾಗಿಲಲ್ಲಿ ನಿಂತು ಮಾಡುವ ಆ ನಾಟಕ? ಅದರಿಂದ ಗಂಟಿಗೆ ಏನಾಗುತ್ತದೆ?"

"ಗಂಟಿಗೆ ಏನೂ ಆಗುವುದಿಲ್ಲ. ನಾನು ನನ್ನನ್ನೇ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಈ ಕೋಣೆಯೊಳಗೆ ಅವಳಿಗೋಸ್ಕರ ಹೋಗುತ್ತಿದ್ದೇನೋ, ನನಗೋಸ್ಕರವೋ? ಕೆಲವು ದಿನ ಒಳ್ಳೆಯ ಉತ್ತರ ಬರುವುದಿಲ್ಲ. ಅಂಥ ದಿನ ಇನ್ನೂ ಸ್ವಲ್ಪ ಹೊತ್ತು ನಿಲ್ಲುತ್ತೇನೆ." ಬೆಲ್ಲದ ಚೂರು ಕಡಿದು ಅವಳು ನನ್ನನ್ನು ಕೇಳಿದಳು: "ನೀವು ಯಾಕೆ ಬಂದಿರಿ?"

"ನನ್ನ ತಂಗಿಯನ್ನು ಉಳಿಸಿಕೊಳ್ಳಲಿಕ್ಕೆ" ಎಂದೆ. ಸುಳ್ಳಲ್ಲ ಅದು. ಆದರೆ ಎಣ್ಣೆಯಲ್ಲಿ ಏನೂ ಸಿಗದಾಗ ನನಗೆ ನಿರಾಸೆ ಯಾಕಾಯಿತು? ನನ್ನ ಮಾತೇ ಖರೆ ಎಂದು ತೋರಿಸಲಿಕ್ಕೆ ಕೂಡ ನಾನು ಬಂದಿದ್ದೆ. ಆ ಮುದುಕಿಯ ಎದುರು ಇದನ್ನು ಒಪ್ಪಿಕೊಳ್ಳಲು ನನಗೆ ಸುತರಾಂ ಮನಸ್ಸಿರಲಿಲ್ಲ, ಒಪ್ಪಿಕೊಳ್ಳಲೂ ಇಲ್ಲ.

ಸೋಮಾ ಎದ್ದುಹೋದ ಮೇಲೆ ಕಸ್ತೂರಿ ಬಂದು ಪಕ್ಕದಲ್ಲಿ ಕುಳಿತಳು. ಕಣ್ಣು ಊದಿದ್ದವು.

"ಕೊಯ್ಸಿಕೊಂಡೂ ಇಷ್ಟ ವರ್ಷ ಬದುಕ್ಯಾರ ನೋಡು" ಎಂದೆ, ಸಿಕ್ಕದ್ದೇ ಅವಕಾಶವೆಂದು. "ಈಗರೆ ಅಂಜಿಕಿ ಹೋತಿಲ್ಲೋ?"

"ನನಗ ಕೊಯ್ಯೋದರ ಅಂಜಿಕಿ ಇದ್ದಿಲ್ಲಕ್ಕಾ. ನಿಂದೇ ಅಂಜಿಕಿ."

"ನಂದಾ?"

"ಅವತ್ತು ಕಲಬುರಗಿಗೆ ಕರ್ಕೊಂಡು ಹೋಗುವಾಗ ಏನ್ ಹೇಳಿದಿ? ಬರೇ ಸ್ಕ್ಯಾನ್ ಅಂದಿ. ಫೋಟೋ ತಗದು ಬಿಡ್ತಾರ ಅಂದಿ. ಮಲಗಸಿದಿ. ನನ್ನ ಕೈ ಹಿಡ್ಕೊಂಡಿ. ಆಮ್ಯಾಲ ಏನ್ ಕೇಳಿದಿ ಹೇಳು."

ತುಣುಕು ತೆಗೆದು ಪರೀಕ್ಷೆಗೆ ಕಳಿಸಲು ದಪ್ಪ ಸೂಜಿ ಹಾಕುತ್ತಾರೆಂದು ಹೇಳಿದರೆ ಅವಳು ಬರುವುದಿಲ್ಲ ಎಂದು ಮುಚ್ಚಿಟ್ಟಿದ್ದೆ. ಡಾಕ್ಟರು ಅವಳನ್ನು ಒಪ್ಪಿಸಿದಿರಾ ಎಂದಾಗ ಹೂಂ ಎಂದಿದ್ದೆ. ಅವರು ಸೂಜಿ ಎತ್ತಿದಾಗ ಅವಳ ಮುಖ ನನ್ನ ಕಡೆ ತಿರುಗಿಸಿಕೊಂಡು, ಬಾಯಿಗೆ ಬಂದದ್ದನ್ನು ಕೇಳಿದ್ದೆ.

"ಯಾವೂರಬೇ ನಿಂದು ಅಂತ ಕೇಳಿದಿ" ಎಂದಳು ಕಸ್ತೂರಿ. "ನನಗ! ಒಂದೇ ಹೊಟ್ಟ್ಯಾಗ ಹುಟ್ಟಿದಾಕಿಗಿ! ಚಾಷ್ಟಿ ಮಾಡಾಕತ್ತಾಳ ಅಂತ ತಿಳಕೊಂಡು, ನಕ್ಕೊಂತ ಮಟಕಿ ಅನ್ನೋದರಾಗ ಆ ದಬ್ಬಣ ಒಳಗ ಹೋತು. ಅವತ್ತಿನಿಂದ ನೀ ಏನ್ ಹೇಳಿದ್ರೂ ಹಿಂದಿನ ಕೈಯಾಗ ಏನ್ ಹಿಡ್ಕೊಂಡಾಳೋ ಅನಸ್ತದ. ಆಪರೇಷನ್ ಮಾಡಿಸ್ಕೊಂಡ್ರ ಉಳಿತಿ ಅಂತಿ. ಹ್ಯಾಂಗ ನಂಬಲಿ? ಈಕಿ ನೋಡು, ಒಂದು ಮಾತು ಆಡಲಿಲ್ಲ. ತನ್ನ ಎದಿ ತೆರದು ತೋರಿಸಿದಳು."

ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ದುಃಖವಾಯಿತು. ಊರ ಮಂದಿಯನ್ನೆಲ್ಲ ಸಂಶಯದಿಂದ ನೋಡಿದವಳು, ನನ್ನ ತಂಗಿ ನನ್ನನ್ನೇ ಹಾಗೆ ನೋಡುತ್ತಿದ್ದದ್ದನ್ನು ಗಮನಿಸಲಿಲ್ಲವಲ್ಲ. ಅವಳು ಸಮುದ್ರ ದಾಟಿ ಬಂದದ್ದು ಕತ್ತರಿಯಿಂದ ತಪ್ಪಿಸಿಕೊಳ್ಳಲು ಎಂದುಕೊಂಡಿದ್ದೆ. ತಪ್ಪಿಸಿಕೊಂಡದ್ದು ನನ್ನಿಂದ.

"ತಪ್ಪಾತು ಕಸ್ತೂರಿ" ಎಂದೆ. "ನಿನ್ನ ಚಲೋದಕ್ಕ ಅಂದ್ಕೊಂಡಿದ್ದೆ."

"ಚಲೋದಕ್ಕೇ ಅಕ್ಕಾ. ಆದ್ರ ನನಗ ಹೇಳಿ ಮಾಡು."

ಆಮೇಲೆ ಅವಳೇ ಹೇಳಿದಳು: "ಆಪರೇಷನ್ ಮಾಡಿಸ್ಕೋತೇನಿ. ಸಲಾಯಿನ್ ಸೂಜಿ ಮಾತ್ರ ನೀನೇ ಹಾಕಬೇಕು. ಹೇಳಿ ಹಾಕಬೇಕು." ಈ ಸಲ ನೋಡೋಣ ಎನ್ನಲಿಲ್ಲ.

ಕೊನೆಯ ದಿನ ಮುಂಜಾನೆ ಅವಳಾಗಿಯೇ ಕರೆದು ಗಂಟು ನೋಡು ಎಂದಳು. ಕಲಬುರಗಿಯ ಆ ದಿನದಿಂದ ಅವಳು ನನ್ನನ್ನು ಹತ್ತಿರ ಬಿಟ್ಟುಕೊಂಡಿರಲಿಲ್ಲ. ಮುಟ್ಟಲೇ ಎಂದು ಕೇಳಿ ಮುಟ್ಟಿದೆ. ಗಂಟು ಮೊದಲು ಎಷ್ಟಿತ್ತೋ ಅಷ್ಟೇ ಇತ್ತು, ಕೂದಲೆಳೆಯಷ್ಟೂ ಕರಗಿರಲಿಲ್ಲ. ಕೈ ಇಟ್ಟರೆ ಕ್ಯಾನ್ಸರು ಹೋಗುತ್ತದೆ ಎಂದು ಯಾರಾದರೂ ವಿಡಿಯೋ ತೋರಿಸಿದರೆ ನಾನು ಇವತ್ತಿಗೂ ಫೋನು ಕಸಿದುಕೊಳ್ಳುತ್ತೇನೆ. ಹೊರಡುವಾಗ ಉಳಿದ ಶೇಂಗಾ ಹಿಂಡಿಯನ್ನು ಸೋಮಾಳಿಗೆ ಕೊಟ್ಟೆ. ಅವಳು ಮೂಸಿ ನೋಡದೆ ತೆಗೆದುಕೊಂಡಳು.

ಕಲಬುರಗಿ

ತಾರೀಖು ತಪ್ಪಲಿಲ್ಲ. ಆ ದವಾಖಾನೆಯ ಡ್ಯೂಟಿ ಸಿಸ್ಟರ್ ಹಿಂದೆ ಜೇವರ್ಗಿಯಲ್ಲಿ ನನ್ನ ಕೈಕೆಳಗೆ ಕೆಲಸ ಕಲಿತ ಹುಡುಗಿ. ಪೇಷಂಟೇ ಕೇಳುತ್ತಿದ್ದಾಳೆಂದು ಡಾಕ್ಟರರ ಒಪ್ಪಿಗೆ ಪಡೆದು ಟ್ರೇ ನನ್ನ ಕೈಗೆ ಕೊಟ್ಟಳು.

ಕೋಣೆಯ ಬಾಗಿಲಿಗೆ ಬಂದವಳು ನಿಂತೆ. ಚೌಕಟ್ಟಿಗೆ ಕೈ ಇಡಲು ನಾಚಿಕೆ. ಟ್ರೇ ಬೇರೆ ಇತ್ತು. ನಿಂತದ್ದಷ್ಟೇ. ಹೊರಡುವ ದಿನ ಖೈರುನ್ನಿಸಾ ನೋಡು ಎಂದದ್ದು ಸೋಮಾಳ ನಿಯತ್ತನ್ನೋ ನನ್ನದನ್ನೋ, ಅವಳನ್ನು ಇನ್ನೂ ಕೇಳಿಲ್ಲ.

"ಏನ್ ಮರೆತ್ರಿ ಅಕ್ಕಾರ?" ಎಂದಳು ಹಿಂದಿನಿಂದ ಆ ಹುಡುಗಿ.

"ಏನಿಲ್ಲ ತಡಿ" ಎಂದೆ.

ಆಮೇಲೆ ಒಳಗೆ ಹೋದೆ. ಆಪರೇಷನ್ ಎಡಗಡೆ, ಹಾಗಾಗಿ ಸೂಜಿ ಬಲಗೈಗೆ. ಪಟ್ಟಿ ಬಿಗಿದು ನರ ಹುಡುಕಿದೆ. ಅಭ್ಯಾಸ ನೋಡಿ, ಬಾಯಿ ತಾನಾಗಿಯೇ ತೆರೆಯಿತು. ಗಟ್ಟಿಯಾಗಿ ಮುಚ್ಚಿಕೊಂಡೆ. ಸೂಜಿಯನ್ನು ಅವಳ ಕಣ್ಣೆದುರು ಹಿಡಿದೆ.

"ಕಸ್ತೂರಿ, ನೋಡು, ಇದೇ ಸೂಜಿ. ಈಗ ಹಾಕಾಕತ್ತೇನಿ. ಚುರ್ ಅಂತದ, ನೋವಾಗ್ತದ."

"ಹಾಕು" ಎಂದಳು. ಕೈ ಬಿಗಿ ಹಿಡಿಯಲಿಲ್ಲ. ಮುಖ ತಿರುಗಿಸಲಿಲ್ಲ. ಸೂಜಿ ಚರ್ಮದೊಳಗೆ ಹೋಗುವುದನ್ನು ಪೂರ್ತಿ ನೋಡಿದಳು. ನಾನು ಏನನ್ನೂ ಕೇಳಲಿಲ್ಲ.

ಅಂಟುಪಟ್ಟಿ ಹಚ್ಚುವಾಗ ಅವಳು ತಲೆ ದಿಂಬಿಗೆ ಒರಗಿಸಿ, ಸೂರಿನ ಕಡೆ ನೋಡುತ್ತ ಹೇಳಿದಳು:

"ಮಟಕಿ ರೀ, ಸಿಸ್ಟರ್."